ಬಸ್ಸಿನ ಬಾಗಿಲಲ್ಲೊಂದು ಹಲ್ಲಿ

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಮೊಬೈಲ್ ರಿಪೇರಿಯ ಒಂದು ಪುಟ್ಟ ಅಂಗಡಿಯಿದೆ. ಹೋದ ಸೋಮವಾರ ಅಲ್ಲಿಗೆ ಹೋಗಿದ್ದೆ. ಕೆಲಸ ದೊಡ್ಡದೇನಲ್ಲ, ಫೋನಿನ ಅಕ್ಷರ ಇನ್ನೂ ಸ್ವಲ್ಪ ದೊಡ್ಡದು ಮಾಡಿಸಬೇಕಿತ್ತು. ಅಂಗಡಿಯ ಹೆಂಗಸು ಯಾರದೋ ಫೋನನ್ನು ಬಿಚ್ಚಿ ಹರಡಿಕೊಂಡು ಕುಳಿತಿದ್ದಳು. "ಎರಡು ನಿಮಿಷ ಕೂತ್ಕೊಳ್ಳಿ ಸರ್" ಅಂದಳು. ಕುಳಿತೆ. ಅವಳ ಕೈಯಲ್ಲಿದ್ದ ಬಿಸಿ ಸೋಲ್ಡರಿಂಗ್ ಕಡ್ಡಿಯ ತುದಿಯಿಂದ ಒಂದು ಎಳೆ ಹೊಗೆ ಎದ್ದು ನನ್ನ ಮೂಗಿನವರೆಗೆ ಬಂತು. ರಾಳ ಸುಟ್ಟ ವಾಸನೆ. ಧೂಪಕ್ಕೂ ಸುಟ್ಟ ಪ್ಲಾಸ್ಟಿಕ್ಕಿಗೂ ನಡುವೆ ಎಲ್ಲೋ ಇರುವ ಆ ವಾಸನೆಯನ್ನು ನಾನು ಇಪ್ಪತ್ತೆಂಟು ವರ್ಷ ಉಸಿರಾಡಿದವನು.

ಇಲ್ಲಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿದ್ದೆ. ಹಾಗೆಂದರೆ ಏನು ಎಂದು ನೀವು ಕೇಳಬಹುದು. ಪ್ರೊಫೆಸರರು ಬೋರ್ಡಿನ ಮೇಲೆ ಬರೆದು ತೋರಿಸಿದ್ದು ಮೇಜಿನ ಮೇಲೆ ಯಾಕೆ ಆಗುತ್ತಿಲ್ಲ ಎಂದು ಮಕ್ಕಳಿಗೆ ವಿವರಿಸುವುದು ನನ್ನ ಕೆಲಸ. ಹೆಚ್ಚಿನ ಸಲ ಕಾರಣ ಒಂದೇ ಇರುತ್ತಿತ್ತು, ಸ್ವಿಚ್ಚು ಹಾಕಿರುತ್ತಿರಲಿಲ್ಲ. ಹಳೇ ರೇಡಿಯೋ ರಿಪೇರಿಯಿಂದ ಕೆಲಸ ಕಲಿತು ಬಂದ ನನಗೆ ಒಳಗೊಳಗೇ ನಾನೂ ಒಬ್ಬ ಸಂಶೋಧಕ, ಅವಕಾಶ ಸಿಕ್ಕಿಲ್ಲ ಅಷ್ಟೇ ಎಂಬ ನಂಬಿಕೆಯಿತ್ತು. ಆ ನಂಬಿಕೆ ಒಬ್ಬರ ಕೈಬೆರಳನ್ನು ಮುರಿಯಿತು. ಹೊಗೆಯ ಜೊತೆಗೆ ಅವರೇ ನೆನಪಾದರು.

ವೇಣೂರಿನ ಜಿನ್ನಪ್ಪಣ್ಣ. ಏಳನೇ ವರ್ಷದಲ್ಲಿ ಜ್ವರ ಬಂದು ಎರಡೂ ಕಣ್ಣು ಹೋದವರು. ಹಾರ್ಮೋನಿಯಂ ರಿಪೇರಿ ಅವರ ಕಸುಬು. ವೇಣೂರಿನಿಂದ ಬಸ್ಸು ಹಿಡಿದು ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಎಂದು ಸುತ್ತುತ್ತ ಭಜನಾ ಮಂದಿರಗಳ, ಶಾಲೆಗಳ ಹಾರ್ಮೋನಿಯಂಗಳನ್ನು ಬಿಚ್ಚಿ, ಒಳಗಿನ ಹಿತ್ತಾಳೆಯ ತೆಳು ನಾಲಗೆಗಳನ್ನು ಅರದಿಂದ ಉಜ್ಜಿ ಸ್ವರ ಕೂರಿಸುತ್ತಿದ್ದರು. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೆ ಸ್ವರ ಕೆಟ್ಟಿತು. ಎಷ್ಟು ಉಜ್ಜಿದೆ ಎಂದು ಹೇಳುವುದು ಅವರ ಬಲಗೈಯ ತೋರುಬೆರಳು.

ಹನ್ನೆರಡು ವರ್ಷವಾದರೂ ಆಗಿರಬೇಕು. ಆ ವರ್ಷ ಕಾಲೇಜಿನ ವಸ್ತುಪ್ರದರ್ಶನಕ್ಕೆ ಸಮಾಜಕ್ಕೆ ಉಪಯೋಗವಾಗುವಂಥದ್ದನ್ನು ಮಾಡಬೇಕು ಎಂದು ವಿಭಾಗದ ಮುಖ್ಯಸ್ಥರು ಹೇಳಿದರು. ಅಂತಿಮ ವರ್ಷದ ರಕ್ಷಿತಾ ಎಂಬ ಹುಡುಗಿ ಮತ್ತು ಅವಳ ಇಬ್ಬರು ಜೊತೆಗಾರರು ನನ್ನ ಪಾಲಿಗೆ ಬಂದರು. ರಕ್ಷಿತಾ ಕೊಪ್ಪಳದ ಕಡೆಯವಳು. ಮೊದಲ ದಿನ ಅವಳು "ಸರ್, ಕುರುಡರಿಗೆ ಏನರೆ ಮಾಡೋಣ್ರಿ" ಅಂದಳು. ನಾನು ಹತ್ತು ಸೆಕೆಂಡು ಯೋಚಿಸಿ "ಕೋಲು ಮಾಡುವ" ಅಂದೆ. ಎದುರಿಗೆ ಗೋಡೆಯೋ ಕಂಬವೋ ಬಂದರೆ ಕೀಂ ಕೀಂ ಎಂದು ಕೂಗುವ ಕೋಲು. ಹಾಗೆ ಯೋಚಿಸಿದ ಮೊದಲಿಗ ನಾನೇ ಎಂದು ಆ ಕ್ಷಣ ಭಾವಿಸಿದ್ದೆ. ಅಂಥ ಕೋಲನ್ನು ಪ್ರತಿ ಕಾಲೇಜಿನಲ್ಲೂ ಪ್ರತಿ ವರ್ಷವೂ ಯಾರಾದರೊಬ್ಬರು ಮಾಡುತ್ತಾರೆಂದು ಆಮೇಲೆ ತಿಳಿಯಿತು.

ಪರೀಕ್ಷೆಗೆ ನಾವೇ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಕಾಲೇಜಿನ ಜಗಲಿಯಲ್ಲಿ ನಡೆದೆವು. ನಾನು ಒಮ್ಮೆ ನಡೆದು ಹೋಗಿ ನಿಂತದ್ದು ಪ್ರಾಂಶುಪಾಲರ ಹೊಟ್ಟೆಯ ಮುಂದೆ. ಕೋಲು ಸರಿಯಾಗಿಯೇ ಕೂಗಿತ್ತು. ಅವರು ಮಾತ್ರ "ಇದೇನು ಮಾರಾಯ್ರೆ" ಎಂದು ಕೇಳಿ ಪಕ್ಕಕ್ಕೆ ಸರಿದರು. ಇಷ್ಟಾದ ಮೇಲೆ ನಿಜವಾಗಿ ಕಣ್ಣು ಕಾಣದವರೊಬ್ಬರು ಬೇಕಲ್ಲ ಎಂದು ನೆನಪಾಯಿತು. ಕಾಲೇಜಿನ ಹಾರ್ಮೋನಿಯಂ ಸರಿಮಾಡಲು ಆ ವಾರವೇ ಜಿನ್ನಪ್ಪಣ್ಣ ಬಂದಿದ್ದರು. ಹೋಗಿ ಮಾತಾಡಿಸಿದೆ.

ಅವರು ಕೋಲು ಹಿಡಿದು ಎರಡು ಸುತ್ತು ನಡೆದರು. ಮುಖ ಒಂಥರಾ ಮಾಡಿಕೊಂಡು ನಿಂತರು.

"ಮಾಸ್ಟ್ರೇ, ಇದು ತುಂಬಾ ಮಾತಾಡ್ತದೆ" ಅಂದರು.

"ಅದೇ ಅದರ ವಿಶೇಷ" ಅಂದೆ ನಾನು.

"ಹೌದು, ಆದ್ರೆ ನನಗೆ ಬೇರೆಯವರ ಮಾತು ಕೇಳ್ಬೇಕಲ್ಲ."

ಅದರ ಅರ್ಥ ನನಗೆ ಹೊಳೆಯಲಿಲ್ಲ. ಹೊಳೆಯಲು ಬಿಡಲಿಲ್ಲ ಎಂದರೆ ಸರಿ. ಪ್ರದರ್ಶನದ ದಿನ ಒಮ್ಮೆ ಬಂದು ಎಲ್ಲರ ಎದುರು ನಡೆದು ತೋರಿಸಿ ಎಂದು ಒತ್ತಾಯ ಮಾಡಿದೆ. ದಾಕ್ಷಿಣ್ಯದ ಮನುಷ್ಯ, ಒಪ್ಪಿದರು.

ಆ ದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಕೈಯಲ್ಲಿ ಅವರದ್ದೇ ಕೋಲು. ಅಲ್ಯೂಮಿನಿಯಂ ಪೈಪಿಗೆ ಹಿಡಿಯುವ ಕಡೆ ಸೈಕಲ್ ಟ್ಯೂಬು ಸುತ್ತಿ ಅವರೇ ಮಾಡಿಕೊಂಡದ್ದು. ಫೋಟೋದಲ್ಲಿ ಅದು ಚೆನ್ನಾಗಿ ಕಾಣುವುದಿಲ್ಲ ಎಂದು ಅದನ್ನು ನಾನು ಇಸಿದುಕೊಂಡು ನಮ್ಮ ಕೋಲನ್ನು ಕೊಟ್ಟೆ. ಸಭಾಂಗಣದ ಹೊರಗಿನ ದಾರಿಯಲ್ಲಿ ಅವರು ನಡೆದರು. ಅತಿಥಿಗಳು ನಿಂತು ನೋಡಿದರು. ಕಂಬ ಬಂತು, ಕೋಲು ಕೂಗಿತು, ಅವರು ತಿರುಗಿದರು, ಚಪ್ಪಾಳೆ. ಹೂಕುಂಡ ಬಂತು, ಕೋಲು ಕೂಗಿತು, ಚಪ್ಪಾಳೆ. ಅದರ ಆಚೆ ಚರಂಡಿ. ದೀಪದ ವಯರು ಎಳೆಯಲು ಬೆಳಿಗ್ಗೆ ಯಾರೋ ಮೇಲಿನ ಚಪ್ಪಡಿ ಎತ್ತಿ ಹಾಗೇ ಬಿಟ್ಟಿದ್ದರು. ನಮ್ಮ ಕೋಲು ಎದುರಿಗಿದ್ದುದನ್ನು ಮಾತ್ರ ನೋಡುತ್ತಿತ್ತು. ಕೆಳಗೆ ನೆಲ ಇದೆಯೋ ಇಲ್ಲವೋ ಅದಕ್ಕೆ ಗೊತ್ತಿರಲಿಲ್ಲ. ಅವರ ಹಳೇ ಕೋಲು ನೆಲ ತಟ್ಟಿಯೇ ಮುಂದೆ ಹೋಗುತ್ತಿತ್ತು, ಆದರೆ ಅದು ನನ್ನ ಕೈಯಲ್ಲಿತ್ತು.

ಅವರು ಬಿದ್ದಾಗ ಕೂಗಲಿಲ್ಲ. ನಾನು ಓಡಿ ಹೋಗಿ ಎತ್ತಿದಾಗ ಬಲಗೈಯನ್ನು ಎದೆಗೆ ಒತ್ತಿ ಹಿಡಿದಿದ್ದರು, ಬಿಳಿ ಅಂಗಿಯ ಮೇಲೆ ಕೆಸರು ಮತ್ತು ರಕ್ತ. ತೋರುಬೆರಳಿನ ಮೂಳೆ ಮುರಿದಿತ್ತು. ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಒಂದೇ ಮಾತು ಕೇಳಿದರು, "ಬೆರಳು ಮಡಚ್ಲಿಕ್ಕೆ ಆಗ್ತದಲ್ಲ ಮಾಸ್ಟ್ರೇ?" ನಾನು ಆಗ್ತದೆ ಅಂದೆ. ನನಗೇನು ಗೊತ್ತಿತ್ತು.

ಮುಂದಿನ ಭಾನುವಾರ ಅವರ ಮನೆಗೆ ಹೋದೆ. ಹಣ್ಣಿನ ಚೀಲ ಹಿಡಿದು, ಬಸ್ಸಿನಲ್ಲಿ ಕ್ಷಮಾಪಣೆಯ ವಾಕ್ಯಗಳನ್ನು ಜೋಡಿಸಿಕೊಳ್ಳುತ್ತ ಹೋಗಿದ್ದೆ. ವೇಣೂರು ಪೇಟೆಯಿಂದ ಸ್ವಲ್ಪ ದೂರ, ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿ ಮನೆ. ಕೋಣೆಯ ತುಂಬ ಹೊಟ್ಟೆ ತೆರೆದ ಹಾರ್ಮೋನಿಯಂಗಳು ಸಾಲಾಗಿ ಕಾಯುತ್ತಿದ್ದವು. ಅವರ ಹೆಂಡತಿ ಭಾರತಿಯಕ್ಕ ಚಾ ತಂದಿಟ್ಟು ಬಾಗಿಲಿಗೆ ಒರಗಿ ನಿಂತರು. ಜೋಡಿಸಿಕೊಂಡ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಆಕೆಯೇ ಕೇಳಿದರು.

"ಮಾಸ್ಟ್ರೇ, ಅವರ ಕೋಲು ಯಾರ ಹತ್ರ ಉಂಟು?"

ಲ್ಯಾಬಿನ ಮೂಲೆಯಲ್ಲಿತ್ತು. ನಾನು ಅಲ್ಲಿಟ್ಟು ಮರೆತಿದ್ದೆ. ಅಷ್ಟು ದಿನ ಅವರು ಅಂಗಳಕ್ಕೆ ಇಳಿಯಲೂ ಗೋಡೆ ಹಿಡಿದುಕೊಂಡು ಹೋಗುತ್ತಿದ್ದರಂತೆ. ಹಣ್ಣು ತರಲು ನೆನಪಾದ ನನಗೆ ಕೋಲು ತರಲು ನೆನಪಾಗಿರಲಿಲ್ಲ. ನನ್ನ ಜೀವನದಲ್ಲಿ ಬೈಗುಳ ಬೇಕಾದಷ್ಟು ತಿಂದಿದ್ದೇನೆ, ಆ ಮೆತ್ತಗಿನ ಪ್ರಶ್ನೆಯಷ್ಟು ಯಾವುದೂ ತಾಗಲಿಲ್ಲ.

ಮರುದಿನವೇ ರಜೆ ಹಾಕಿ ಕೋಲು ತೆಗೆದುಕೊಂಡು ಹೋದೆ. ಜಿನ್ನಪ್ಪಣ್ಣ ಅದನ್ನು ಎಡಗೈಯಲ್ಲಿ ಹಿಡಿದು, ಸೈಕಲ್ ಟ್ಯೂಬಿನ ಸುತ್ತುಗಳನ್ನು ತಡವಿ ನೋಡಿ, ಪಕ್ಕದಲ್ಲಿಟ್ಟುಕೊಂಡರು.

"ನೀವು ನನಗೆ ಒಂದು ವಸ್ತು ಮಾಡಿದ್ರಿ. ಆದ್ರೆ ನನಗೇನು ಬೇಕು ಅಂತ ಕೇಳ್ಲಿಲ್ಲ" ಅಂದರು. ಸಿಟ್ಟಿನಲ್ಲಿ ಹೇಳಿದ್ದಲ್ಲ. ಒಂದು ಸ್ವರ ಸ್ವಲ್ಪ ಕೆಳಗೆ ಉಂಟು ಎಂದು ತೋರಿಸಿದ ಹಾಗೆ.

"ಈಗ ಕೇಳ್ತೇನೆ. ಏನು ಬೇಕು?"

ಅವರು ತುಂಬ ಯೋಚನೆ ಮಾಡಲಿಲ್ಲ. "ಬಸ್ಸಿನ ಬಾಗಿಲು" ಅಂದರು.

ನಮ್ಮ ಕಡೆಯ ಬಸ್ಸುಗಳ ಸಂಗತಿ ನಿಮಗೆ ಗೊತ್ತಿದೆ. ಬರುವುದು ಒಂದು ಮಿಂಚು, ನಿಲ್ಲುವುದು ಅರೆ ನಿಮಿಷ, "ರೈಟ್, ಪೋಯಿ" ಎಂದರೆ ಹೊರಟಿತು. ಯಾವ ಬಸ್ಸು ಎಂದು ತಿಳಿಯುವುದು ಅವರಿಗೆ ಕಷ್ಟವೇ ಆಗಿರಲಿಲ್ಲ. ಹಾರ್ನು, ಇಂಜಿನಿನ ಕೆಮ್ಮು, ಕಂಡಕ್ಟರನ ಕೂಗು ಎಲ್ಲ ಪರಿಚಯ. ಆದರೆ ಬಸ್ಸು ಇಂದು ಎರಡು ಮಾರು ಮುಂದೆ ನಿಂತರೆ ನಾಳೆ ಹಿಂದೆ. ಬಾಗಿಲು ಎಲ್ಲಿ ಎಂದು ಧೂಳು ಹಿಡಿದ ತಗಡನ್ನು ಎರಡೂ ಕೈಯಿಂದ ತಡವುತ್ತ ಹೋಗಬೇಕು. ಒಮ್ಮೆ ಕೈ ಚಕ್ರದ ಮೇಲೆ ಇದ್ದಾಗಲೇ ಬಸ್ಸು ಹೊರಟಿತ್ತು. ಇಲ್ಲವಾದರೆ ಯಾರಾದರೂ ಪುಣ್ಯಾತ್ಮರು ಹಿಂದಿನಿಂದ ಬಂದು ರಟ್ಟೆಗೆ ಕೈಹಾಕಿ ಅಕ್ಕಿ ಮೂಟೆಯ ಹಾಗೆ ಮೇಲೆ ತಳ್ಳುತ್ತಾರೆ.

"ಒಳ್ಳೇದಕ್ಕೇ ಮಾಡುದು, ಅದು ಗೊತ್ತುಂಟು ನನಗೆ" ಅಂದರು ಜಿನ್ನಪ್ಪಣ್ಣ. "ಆದ್ರೆ ನಲವತ್ತು ವರ್ಷ ಆಯ್ತು ಮಾಸ್ಟ್ರೇ, ದಿನಾ ಯಾರಾದ್ರೂ ಹಿಡೀತಾರೆ. ಹಿಡಿಯುವ ಮೊದ್ಲು ಒಂದು ಮಾತು ಯಾರೂ ಹೇಳುದಿಲ್ಲ."

ಈ ಮಾತನ್ನು ರಕ್ಷಿತಾಗೆ ಹೇಳಿದಾಗ ಅವಳು ಕಣ್ಣೊರೆಸಿಕೊಂಡು, "ಹಂಗಾರ ಬಾಗಿಲನ ಮಾತಾಡಬೇಕ್ರಿ ಸರ್" ಅಂದಳು. ಪರೀಕ್ಷೆ ಹತ್ತಿರವಿತ್ತು, ಪ್ರಾಜೆಕ್ಟಿನ ಅಂಕ ಆಗಲೇ ಬಂದಾಗಿತ್ತು. ಆದರೂ ಅವಳು ಬಿಡಲಿಲ್ಲ. ಅವಳ ಜೊತೆಗಾರರೂ ಬಂದರು. ಈ ಸಲ ನಾವು ಮೊದಲು ಸೋಲ್ಡರಿಂಗ್ ಕಡ್ಡಿ ಹಿಡಿಯಲಿಲ್ಲ. ಶನಿವಾರ ಶನಿವಾರ ಜಿನ್ನಪ್ಪಣ್ಣನ ಜೊತೆ ಬಸ್ಸಿನಲ್ಲಿ ಸುಮ್ಮನೆ ತಿರುಗಿದೆವು, ವೇಣೂರಿನಿಂದ ಮೂಡುಬಿದಿರೆಗೆ, ಅಲ್ಲಿಂದ ಸಿದ್ಧಕಟ್ಟೆಯ ದಾರಿಯಲ್ಲಿ ಬಂಟ್ವಾಳಕ್ಕೆ. ಬೆರಳಿಗೆ ಪಟ್ಟಿ ಕಟ್ಟಿಕೊಂಡೇ ಅವರು ನಮಗೆ ಪಾಠ ಮಾಡಿದರು. ರಕ್ಷಿತಾಳ ಮಾತು ಅವರಿಗೆ ಬಹಳ ಇಷ್ಟ. "ನಿನ್ನ ಕನ್ನಡದಲ್ಲಿ ತಾಳ ಉಂಟು ಮಗಾ" ಎನ್ನುತ್ತಿದ್ದರು.

ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಪೆಟ್ಟಿಗೆ, ಅದಕ್ಕೊಂದು ಪುಟ್ಟ ಸ್ಪೀಕರು. ಅದು ಬಸ್ಸಿನ ಬಾಗಿಲಿನ ಮೇಲೆ ಕೂರಬೇಕು. ಜಿನ್ನಪ್ಪಣ್ಣನ ಕಿಸೆಯಲ್ಲಿ ಒಂದು ಗುಂಡಿ. ಅವರು ಒತ್ತಿದರೆ ಮಾತ್ರ ಬಾಗಿಲು ಸದ್ದು ಮಾಡಬೇಕು, ಅವರು ಆ ಸದ್ದಿನ ಕಡೆಗೆ ನಡೆಯಬೇಕು. ಇಷ್ಟು ಮಾಡುವುದು ದೊಡ್ಡ ವಿದ್ಯೆಯಲ್ಲ. ಯಾವ ಸದ್ದು ಎಂಬಲ್ಲಿ ನಾವು ಒಂದು ತಿಂಗಳು ಸಿಕ್ಕಿಬಿದ್ದೆವು. ರಕ್ಷಿತಾ ತನ್ನ ಧ್ವನಿಯಲ್ಲೇ "ಬಾಗಿಲು ಇಲ್ಲಿದೆ" ಎಂದು ತುಂಬಿಸಿದಳು, ಅದು ಬಸ್‌ಸ್ಟ್ಯಾಂಡಿನ ಗಲಾಟೆಯಲ್ಲಿ ಕರಗಿಹೋಯಿತು. ಹಾರ್ಮೋನಿಯಂ ಮನುಷ್ಯನಿಗೆ ಸಂತೋಷವಾಗಲಿ ಎಂದು ನಾನು ಷಡ್ಜ ಸ್ವರವನ್ನು ಹಾಕಿಕೊಟ್ಟೆ. ಅವರು ತಲೆ ಅಲ್ಲಾಡಿಸಿದರು.

"ಸ್ವರ ಬೇಡ ಮಾಸ್ಟ್ರೇ. ಸ್ವರ ಎಲ್ಲಾ ಕಡೆಯಿಂದ ಬಂದ ಹಾಗೆ ಆಗ್ತದೆ, ಎಲ್ಲಿಂದ ಅಂತ ಹಿಡೀಲಿಕ್ಕೆ ಆಗುದಿಲ್ಲ. ಮಾಡಿನಲ್ಲಿ ಹಲ್ಲಿ ಲೊಚಗುಟ್ಟುದು ಕೇಳಿದ್ದೀರಲ್ಲ? ಎಷ್ಟು ಸಣ್ಣ ಸದ್ದು. ಆದ್ರೆ ಯಾವ ಮೂಲೆ ಅಂತ ಕೂಡ್ಲೇ ಗೊತ್ತಾಗ್ತದೆ."

ನಾನು ಲ್ಯಾಬಿಗೆ ಬಂದು ಪುಸ್ತಕ ತೆಗೆದು ನೋಡಿದೆ. ಅವರು ಹೇಳಿದ್ದೇ ಅಲ್ಲಿ ನಾಲ್ಕು ಪುಟದಲ್ಲಿತ್ತು. ಉದ್ದಕ್ಕೆ ಎಳೆದ ಸ್ವರಕ್ಕಿಂತ ಚಿಟಿಕೆಯಂಥ ಸದ್ದು ಬಂದ ದಿಕ್ಕು ಕಿವಿಗೆ ಬೇಗ ಸಿಗುತ್ತದೆ. ಆ ಪುಟಗಳು ನಾನು ಕೆಲಸಕ್ಕೆ ಸೇರಿದಂದಿನಿಂದ ಅದೇ ಕಪಾಟಿನಲ್ಲಿದ್ದವು.

ವೇಣೂರು ದಾರಿಯ ಒಂದು ಬಸ್ಸಿನವರು ಪೆಟ್ಟಿಗೆ ಕೂರಿಸಲು ಒಪ್ಪಿದರು. ಅದರ ಕಂಡಕ್ಟರ್ ಸುಂದರ ಮೊದಲ ದಿನವೇ ಅದಕ್ಕೆ ತುಳುವಿನಲ್ಲಿ ಹೆಸರಿಟ್ಟ, ಪಲ್ಲಿ. ಹಲ್ಲಿ ಎಂದೇ ಅರ್ಥ. "ಮಾಸ್ಟ್ರೇ, ನಿಮ್ಮ ಪಲ್ಲಿ ನುಡಿದ್ರೆ ಬಸ್ಸಿನಲ್ಲಿ ಅಜ್ಜಿಯಂದಿರು ಕೃಷ್ಣ ಕೃಷ್ಣ ಹೇಳ್ತಾರೆ" ಎಂದು ನಕ್ಕ.

ಅದನ್ನು ಮೊದಲ ಸಲ ಪರೀಕ್ಷಿಸುವ ಬೆಳಗ್ಗೆ ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಜಿನ್ನಪ್ಪಣ್ಣನನ್ನು ಒಂದು ಕಂಬದ ಹತ್ತಿರ ಬಿಟ್ಟು ನಾವು ದೂರ ನಿಂತೆವು. ಬಸ್ಸು ಬಂದು ತನ್ನ ಜಾಗ ಬಿಟ್ಟು ಓರೆಯಾಗಿ ನಿಂತಿತು. ಕಾಲೇಜಿನ ಮಕ್ಕಳು ನುಗ್ಗಿದರು. ಜಿನ್ನಪ್ಪಣ್ಣ ಕಿಸೆಗೆ ಕೈಹಾಕಿದರು. ಲೊಚ್ ಲೊಚ್ ಲೊಚ್. ತಲೆ ಸ್ವಲ್ಪ ವಾಲಿಸಿ ಕೇಳಿದರು. ನೆಲ ತಟ್ಟುತ್ತ ನೇರ ನಡೆದರು, ಇನ್ನೊಮ್ಮೆ ಒತ್ತಿದರು, ಒಂದು ಹೆಜ್ಜೆ ಬಲಕ್ಕೆ ಸರಿದರು. ಅಭ್ಯಾಸಬಲದಿಂದ ಸುಂದರ ಕೆಳಗೆ ಹಾರಿ ಅವರ ರಟ್ಟೆಗೆ ಕೈ ಚಾಚಿದ. ಚಾಚಿದ ಕೈಯನ್ನು ಅಲ್ಲೇ ತಡೆದು ಹಿಂದಕ್ಕೆ ತೆಗೆದುಕೊಂಡ. ಅವರು ಕಂಬಿ ಹಿಡಿದು ಎರಡು ಮೆಟ್ಟಿಲು ಹತ್ತಿ ಒಳಗೆ ಹೋದರು. ನನ್ನ ಪಕ್ಕದಲ್ಲಿ ರಕ್ಷಿತಾ ತುಟಿ ಕಚ್ಚಿಕೊಂಡು ನಿಂತಿದ್ದಳು.

ನಾನೂ ಹತ್ತಿ ಅವರ ಹತ್ತಿರ ಕುಳಿತೆ. ಬಸ್ಸು ಪೇಟೆ ದಾಟುವಾಗ ಅವರು ಕೋಲನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡರು. ಆಮೇಲೆ ಮೆಲ್ಲನೆ, "ಇವತ್ತು ನನ್ನನ್ನು ಯಾರೂ ಮುಟ್ಲಿಲ್ಲ" ಅಂದರು.

ಇಲ್ಲಿಗೆ ಮುಗಿಸಿದರೆ ನನ್ನ ಕತೆ ಚೆನ್ನಾಗಿಯೇ ಇರುತ್ತದೆ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇಕೆ. ಆಮೇಲೆ ಇನ್ನೆರಡು ಬಸ್ಸಿನವರೂ ಒಪ್ಪಿ, ಪಲ್ಲಿ ಮೂರು ಬಸ್ಸುಗಳಲ್ಲಿ ಎರಡು ವರ್ಷದ ಹತ್ತಿರ ನುಡಿಯಿತು. ಒಂದು ಬಸ್ಸು ಬೇರೆ ದಾರಿಗೆ ಹೋಯಿತು, ಇನ್ನೊಂದನ್ನು ಮಾರಿದರು. ಓದು ಮುಗಿಸಿದ ರಕ್ಷಿತಾ ತನ್ನ ಊರಿನ ಕಡೆ ಪಾಲಿಟೆಕ್ನಿಕ್ಕಿನಲ್ಲಿ ಮೇಡಂ ಆದಳು. ಉಳಿದ ಒಂದೇ ಒಂದು ಪೆಟ್ಟಿಗೆ ಒಂದು ಮಳೆಗಾಲದಲ್ಲಿ ನೀರು ಕುಡಿದು ಸುಮ್ಮನಾಯಿತು. ಜಿನ್ನಪ್ಪಣ್ಣ ಫೋನು ಮಾಡಿದರು. "ಮುಂದಿನ ವಾರ ಬರ್ತೇನೆ" ಅಂದೆ. ಮತ್ತೊಮ್ಮೆ ಮಾಡಿದರು. ಮತ್ತೆ ಅದನ್ನೇ ಅಂದೆ. ಮೂರನೆಯ ಸಲ ಅವರು ಮಾಡಲಿಲ್ಲ. ಅವರ ಬೆರಳು ಮೊದಲಿನ ಹಾಗೆ ಆಗಲೇ ಇಲ್ಲ, ಮಧ್ಯದಲ್ಲಿ ಸೆಟೆದು ನಿಂತಿತು. ಎಡಗೈಯಲ್ಲಿ ಉಜ್ಜುವುದನ್ನು ಅವರು ಹೊಸದಾಗಿ ಕಲಿತರು. ಅದನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು. ಹೋಗದೆ ಇದ್ದುದಕ್ಕೆ ಕೆಲಸದ ಒತ್ತಡ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ನಿವೃತ್ತನಾದೆ. ಒತ್ತಡ ಹೋಯಿತು, ಆದರೂ ಹೋಗಲಿಲ್ಲ.

ಈಗ ಫೋನಿನ ಅಕ್ಷರದ ವಿಷಯ. ಎರಡು ವರ್ಷದಿಂದ ನನಗೆ ನೋಟದ ನಡುಭಾಗ ಮಸುಕು. ನಿಮ್ಮ ಮುಖ ನೋಡಿದರೆ ಕಿವಿ ಕಾಣುತ್ತದೆ, ಮೂಗು ಇರುವುದಿಲ್ಲ. ಇದು ವಯಸ್ಸಿಗೆ ಬರುವುದು, ಪೂರ್ತಿ ಕತ್ತಲೆಯಾಗುವುದಿಲ್ಲ, ಆದರೆ ಹೋದದ್ದು ತಿರುಗಿ ಬರುವುದಿಲ್ಲ ಎಂದು ಮಂಗಳೂರಿನ ಡಾಕ್ಟರು ಹೇಳಿದ್ದಾರೆ. ಇದನ್ನು ನಾನು ಹೆಂಡತಿಗೂ ಅರ್ಧ ಮಾತ್ರ ಹೇಳಿದ್ದೆ. ಹೋದ ತಿಂಗಳು ಸಿದ್ಧಕಟ್ಟೆಗೆ ಹೊರಟವನು ಬೋರ್ಡು ಓದಿದವನಂತೆ ನಟಿಸಿ ಕಾರ್ಕಳದ ಬಸ್ಸು ಹತ್ತಿದೆ. ತಪ್ಪು ಗೊತ್ತಾಗಿ ಬೆಳುವಾಯಿಯಲ್ಲಿ ಇಳಿದು, ಅಲ್ಲೇ ಕೆಲಸವಿದ್ದವನ ಹಾಗೆ ಒಂದು ಅಂಗಡಿಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಒಬ್ಬರನ್ನು ಕೇಳಿದ್ದರೆ ಮುಗಿಯುತ್ತಿತ್ತು. ಬಾಯಿ ಬರಲಿಲ್ಲ.

ಆ ಸೋಮವಾರ ಅಂಗಡಿಯ ಹೆಂಗಸು ಅಕ್ಷರ ದೊಡ್ಡದು ಮಾಡಿಕೊಟ್ಟು, "ಇದಕ್ಕಿಂತ ದೊಡ್ಡದು ಆಗುದಿಲ್ಲ ಸರ್" ಅಂದಳು. ಫೋನು ಕಿಸೆಗೆ ಹಾಕಿ ಹೊರಗೆ ಬಂದೆ. ಎದುರಿಗೆ ಯಾವನೋ ಕಂಡಕ್ಟರ್ "ವೇಣೂರು, ವೇಣೂರು" ಎಂದು ಕೂಗುತ್ತಿದ್ದ. ಆ ಕೂಗಿನ ಕಡೆಗೆ ನಡೆದು ಹತ್ತಿದೆ.

ಮನೆ ಅಲ್ಲೇ ಇತ್ತು. ಭಾರತಿಯಕ್ಕ ಯಾರ ಮನೆಗೋ ಹೋಗಿದ್ದರು. ಜಿನ್ನಪ್ಪಣ್ಣ ಒಬ್ಬರೇ ಒಂದು ಹಾರ್ಮೋನಿಯಂ ಮುಂದೆ ಕುಳಿತಿದ್ದರು, ಎಡಗೈಯಲ್ಲಿ ಅರ.

"ಯಾರು?"

"ನಾನು. ಪಲ್ಲಿಯ ಮಾಸ್ಟ್ರು."

ಅವರು ಅರ ಕೆಳಗಿಟ್ಟರು. "ಮುಂದಿನ ವಾರ ಬರ್ತೇನೆ ಅಂದಿದ್ರಿ" ಅಂದರು. ಆಮೇಲೆ ನಕ್ಕರು. ನನಗೆ ನಗು ಬರಲಿಲ್ಲ. ತಪ್ಪಾಯಿತು ಅಂದೆ. ಹನ್ನೆರಡು ವರ್ಷದ ಹಿಂದೆ ಬಾಯಿಗೆ ಬಾರದ ಮಾತೂ ಅದರ ಹಿಂದೆಯೇ ಬಂತು. ಅವರು ಪೂರ್ತಿ ಕೇಳಿಸಿಕೊಂಡರು. "ಆಯ್ತು, ಕೂತ್ಕೊಳ್ಳಿ" ಅಂದರು. ಕುಳಿತ ಮೇಲೆ ಕಣ್ಣಿನ ವಿಷಯ ಹೇಳಿದೆ. ಪೂರ್ತಿ ಹೇಳಿದ್ದು ಅವರಿಗೇ ಮೊದಲು.

ಅಯ್ಯೋ ಪಾಪ ಎಂದು ಅವರು ಹೇಳಲಿಲ್ಲ. "ಬದಿಯಿಂದ ಕಾಣ್ತದಾ? ಮೆಟ್ಲು ಗೊತ್ತಾಗ್ತದಾ? ಬಿಸಿಲಿಗೆ ಹೇಗೆ?" ಎಂದು ವಿಚಾರಿಸಿದರು. ಎಲ್ಲ ಕೇಳಿ ಆದ ಮೇಲೆ, "ನಿಮ್ಮದು ಕಣ್ಣಿನ ತೊಂದ್ರೆ ಅರ್ಧ, ಬಾಯಿಯ ತೊಂದ್ರೆ ಅರ್ಧ" ಅಂದರು. "ಕೇಳ್ಲಿಕ್ಕೆ ಕಲೀರಿ ಮಾಸ್ಟ್ರೇ. ನನಗೂ ಮೊದಲು ನಾಚಿಕೆ ಆಗ್ತಿತ್ತು. ಸಣ್ಣ ಸ್ವರದಲ್ಲಿ ಕೇಳಿದ್ರೆ ಪಾಪ ಅಂತಾರೆ, ದೊಡ್ಡ ಸ್ವರದಲ್ಲಿ ಕೇಳಿದ್ರೆ ಉತ್ತರ ಹೇಳ್ತಾರೆ."

ರಸ್ತೆಯವರೆಗೆ ಅವರೇ ನನ್ನ ಜೊತೆ ಬಂದರು. ಇಳಿಜಾರಿನಲ್ಲಿ ನಾನು ತಡವರಿಸಿದಾಗ, "ನನ್ನ ಮೊಣಕೈ ಹಿಡೀತೀರಾ?" ಎಂದು ಕೇಳಿದರು. ಹಿಡಿದೆ. ಯಾರಿಗಾದರೂ ಹೀಗೆ ಕೇಳಬಹುದೆಂದು ಅಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ತೋಚಿರಲಿಲ್ಲ. ಸೆಟೆದ ಬೆರಳಿನ ಆ ಬಲಗೈ ಹಿಂದೆ ಅರ ಹಿಡಿದೂ ಹಿಡಿದೂ ಗಟ್ಟಿಯಾಗಿತ್ತು. "ಗುರುವಾರ ಬನ್ನಿ, ಹೊಸ ಪಲ್ಲಿ ಒಂದು ಮಾಡುವ" ಅಂದರು. "ಈ ಸಲ ಮಳೆಗೆ ಸಾಯದ್ದು." ಬರ್ತೇನೆ ಎಂದೆ, ಮುಂದಿನ ವಾರ ಎನ್ನಲಿಲ್ಲ.

ಬಸ್ಸು ಬಂದು ನಿಂತಿತು. ಹಣೆಯ ಮೇಲಿನ ಬೋರ್ಡು ಒಂದು ಬಿಳಿಯ ಮಸುಕು. ಗಂಟಲು ಸರಿಮಾಡಿಕೊಂಡು, "ಇದು ಯಾವ ಬಸ್ಸು?" ಎಂದು ಕೇಳಿದೆ. ನನ್ನ ಸ್ವರ ನನಗೇ ದೊಡ್ಡದಾಗಿ ಕೇಳಿಸಿತು. "ಮೂಡುಬಿದಿರೆ, ಬನ್ನಿ ಬನ್ನಿ" ಎಂದು ಉತ್ತರ ಬಂತು. ಅಷ್ಟೇ. ಯಾರೂ ತಿರುಗಿ ನೋಡಿದ ಹಾಗೆ ಅನಿಸಲಿಲ್ಲ. ನೋಡಿದ್ದರೂ ನನಗೆ ಕಾಣುತ್ತಿರಲಿಲ್ಲ ಎಂದು ಆಮೇಲೆ ಹೊಳೆದು ಸಮಾಧಾನವಾಯಿತು.

ಒಳಗೆ ಕಿಟಕಿಯ ಪಕ್ಕ ಯಾರೋ ಒಬ್ಬ ಹೆಂಗಸು ಕುಳಿತಿದ್ದರು. ಅವರ ಹತ್ತಿರ ಕುಳಿತೆ. ಸ್ವಲ್ಪ ದೂರ ಹೋದ ಮೇಲೆ ಹೇಳಿದೆ, "ಅಕ್ಕಾ, ನನಗೆ ಕಣ್ಣು ಸರಿ ಕಾಣುದಿಲ್ಲ. ನನಗೆ ಜೈನ್ ಪೇಟೆಯಲ್ಲಿ ಇಳೀಬೇಕು, ಬರುವಾಗ ಒಮ್ಮೆ ಹೇಳ್ತೀರಾ?"

"ಹೇಳ್ತೇನೆ" ಅಂದರು ಆಕೆ. "ನಾನೂ ಅಲ್ಲಿಯೇ ಇಳಿಯುದು."